ಹೆಚ್ಚಾದ ಒಂದು ಪುಟ

"ನನ್ನ ಫೈಲು ಮೇಷ್ಟ್ರ ಟೇಬಲ್ಲಿಗೆ ಯಾಕೆ ಹೋಯ್ತು ಮೇಡಂ?"

ನುಂಗುವ ಡಾಕ್ಟರು ಬಾಗಿಲಲ್ಲೇ ನಿಂತು ಕೇಳಿದರು. ಬಿಳಿ ಕೋಟಿನ ಒಂದು ಗುಂಡಿ ತಪ್ಪು ಕಾಜದಲ್ಲಿ ಕೂತಿತ್ತು. ವಾರ್ಡಿನಿಂದ ನೇರ ಓಡಿ ಬಂದಿದ್ದಾರೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಕತ್ತರಿ ಮೇಡಂ ಒಮ್ಮೆ ನೋಡಿದವಳು ಮತ್ತೆ ತಲೆ ಎತ್ತಲಿಲ್ಲ. ಎತ್ತಿದರೆ ಆ ಗುಂಡಿ ಸರಿಮಾಡಲು ಕೈ ತುರಿಸುತ್ತಿತ್ತು.

"ಆಫೀಸಿನ ಅನುಕೂಲಕ್ಕೆ," ಅಂದಳು.

"ಯಾರ ಅನುಕೂಲಕ್ಕೆ?"

ಅವಳು ಮುಂದಿದ್ದ ಇನ್ಯಾವುದೋ ಫೈಲಿನ ಹಾಳೆ ಮಗುಚಿದಳು.

ಎರಡು ಹೆಸರೂ ಮೆಡಿಕಲ್ ಕಾಲೇಜು ಇಟ್ಟದ್ದು. ಪಾರ್ಶ್ವವಾಯು ಹೊಡೆದು ನುಂಗುವುದನ್ನೇ ಮರೆತವರಿಗೆ ಮತ್ತೆ ಗುಟುಕು ನೀರು ಕುಡಿಯಲು ಕಲಿಸುವುದು ಅವರ ಕೆಲಸ. ಹಾಗಾಗಿ ನುಂಗುವ ಡಾಕ್ಟರು. ಅವಳದು ಸಂಶೋಧನಾ ಅನುದಾನ ವಿಭಾಗ. ಸಂಶೋಧನೆಗೆ ಹಣ ಬೇಕಾದ ಡಾಕ್ಟರುಗಳ ಪ್ರಸ್ತಾವನೆಗಳೆಲ್ಲ ಅವಳ ಟೇಬಲ್ ದಾಟಿಯೇ ಹೊರಗೆ ಹೋಗಬೇಕು. ಹಣ ಕೊಡುವ ಸಂಸ್ಥೆಗಳು ಕಟ್ಟುನಿಟ್ಟು. ಹೇಳಿದ್ದಕ್ಕಿಂತ ಒಂದು ಪುಟ ಹೆಚ್ಚಾದರೆ ಓದದೆಯೇ ವಾಪಸು. ಅದಕ್ಕೇ ಅವಳು ಪೆನ್ಸಿಲ್ ಹಿಡಿದು ಅಂಚಿನಲ್ಲಿ ಒಂದೇ ಪದ ಬರೆಯುತ್ತಾ ಹೋಗುವಳು: ಮೊಟಕುಗೊಳಿಸಿ. ಹೃದಯ ವಿಭಾಗದ ಮುಖ್ಯಸ್ಥರ ಪೀಠಿಕೆಯನ್ನು ಬುಡಸಮೇತ ಕತ್ತರಿಸಿದ ದಿನ ಅವಳ ಹೆಸರು ಕಾಯಂ ಆಯಿತು.

ಅವಳ ವಿಭಾಗದಲ್ಲಿ ಇನ್ನೊಂದು ಪದ್ಧತಿಯಿತ್ತು. ಪ್ರತಿ ಪ್ರಸ್ತಾವನೆಗೂ ಸರಳ ಭಾಷೆಯ ಸಾರಾಂಶ ಬೇಕು. ಬರೆದವರು ಅವಳೆದುರು ಕೂತು ಅದನ್ನು ಗಟ್ಟಿಯಾಗಿ ಓದಬೇಕು. ಅರ್ಥವಾಗದಲ್ಲಿ ಅವಳು ಪೆನ್ಸಿಲಿನಿಂದ ಟೇಬಲ್ ಕುಟ್ಟುವಳು. ಉಳಿದ ಡಾಕ್ಟರುಗಳು ಇದಕ್ಕೆ ಮುಖ ಸಿಂಡರಿಸುತ್ತಿದ್ದರು. ನುಂಗುವ ಡಾಕ್ಟರು ಮಾತ್ರ ಓದುವುದು ಮುಗಿದ ಮೇಲೂ ಏನಾದರೊಂದು ನೆಪ ಹೂಡಿ ಬರುವರು.

"ಮತ್ತೇನು ಡಾಕ್ಟ್ರೇ?"

"ಒಂದು ವಾಕ್ಯ ಬದಲಾಯಿಸಿದೀನಿ. ಕುಟ್ಟಿಸ್ಕೊಂಡು ಹೋಗೋಣ ಅಂತ."

ಅವರು ಓದುವಾಗ ಕಣ್ಣು ಹಾಳೆಯ ಮೇಲಿರುತ್ತಿರಲಿಲ್ಲ, ಅವಳ ಪೆನ್ಸಿಲಿನ ಮೇಲಿರುತ್ತಿತ್ತು. ಅದು ಎದ್ದರೆ ಸಾಕು, ಹುಬ್ಬು ಏರಿಸಿ ಅರ್ಧದಲ್ಲೇ ನಿಲ್ಲಿಸುವರು. ಕುಟ್ಟದೆ ಸುಮ್ಮನೆ ಎತ್ತಿ ಇಳಿಸುವ ಆಟ ಅವಳು ಯಾವಾಗ ಕಲಿತಳೋ ಅವಳಿಗೇ ಗೊತ್ತಿಲ್ಲ.

ನಿನ್ನೆ ಎಲ್ಲ ಕೆಟ್ಟಿತು. ಅವರ ಹೊಸ ಪ್ರಸ್ತಾವನೆಯನ್ನು ಅವಳು ಮತ್ತೆ ಮತ್ತೆ ಓದಿ, ಸಹಿ ಹಾಕಿ, ಹೊರಗೆ ಕಳಿಸಲೆಂದು ಬೀರುವಿನ ಆಚೆ ಕೂರುವ ಮೇಷ್ಟ್ರಿಗೆ ಕೊಟ್ಟಿದ್ದಳು. ಮೇಷ್ಟ್ರು ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರು, ಈಗ ವಿಭಾಗದ ಹಿರಿಯ ಸಹಾಯಕರು.

"ಏನಮ್ಮಾ, ಕತ್ತರಿ ಮೊಂಡಾಯ್ತಾ? ಒಂದು ಪುಟ ಜಾಸ್ತಿ ಇದೆಯಲ್ಲ!"

ಅವಳು ನೋಡಿದಳು. ಇತ್ತು. ಇಡೀ ಒಂದು ಪುಟ ಹೆಚ್ಚಿಗಿತ್ತು. ಒಂದು ಸಾಲು ಹೆಚ್ಚಾದರೂ ಹಿಡಿಯುವವಳು ಇಡೀ ಪುಟ ಬಿಟ್ಟುಬಿಟ್ಟಿದ್ದಳು. ಕಣ್ಣು ಅಕ್ಷರದ ಮೇಲಿತ್ತು, ಕಿವಿ ಮಾತ್ರ ಡಾಕ್ಟರ ದನಿ ಕೇಳುತ್ತಾ ಕೂತಿತ್ತು ಅನ್ನುವುದು ಆಗ ಹೊಳೆಯಿತು.

ವಿಭಾಗದ ನಿಯಮ ಸ್ಪಷ್ಟ. ಅರ್ಜಿದಾರರು ಬಂಧುವೋ ಆಪ್ತರೋ ಆಗಿದ್ದರೆ ಫೈಲು ಬೇರೆಯವರಿಗೆ ಕೊಡಬೇಕು, ಕಾರಣ ತಿಳಿಸಬೇಕು.

"ಇದು ನೀವೇ ನೋಡಿ ಮೇಷ್ಟ್ರೇ. ನಂಗೆ ಬೇಡ."

"ಕಾರಣ?"

"ನಾಳೆ ಹೇಳ್ತೀನಿ."

ಮೇಷ್ಟ್ರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಆಗ್ಲಮ್ಮ. ನಂಗೂ ಒಂದು ಕಾಲದಲ್ಲಿ ವಯಸ್ಸಿತ್ತು."

ರಾತ್ರಿ ಮನೆಯಲ್ಲಿ ಅಕ್ಕ ಬಟ್ಟೆ ಮಡಿಸುತ್ತಾ ಎಲ್ಲ ಕೇಳಿಸಿಕೊಂಡು ಹಣೆ ಚಚ್ಚಿಕೊಂಡಳು. "ಮನಸ್ಸು ಕೊಟ್ಟವಳು ಫೈಲನ್ನ ಬಿಗಿಯಾಗಿ ಹಿಡ್ಕೋಬೇಕು ಕಣೇ! ನೀನು ಇದ್ದದ್ದನ್ನೂ ದಾಟಿಸಿ ಬಂದ್ಯಾ?"

"ನಂಗೆ ಅವರ ತಪ್ಪು ಕಾಣ್ತಿಲ್ಲ ಅಕ್ಕಾ. ಅದೇ ಭಯ."

"ಅದಕ್ಕೊಂದು ಹೆಸರಿದೆ, ಮಂಕೇ. ಹೋಗಿ ಅವರಿಗೇ ಹೇಳು."

"ಹೇಳಿ, ಅವರು ನಕ್ಕುಬಿಟ್ರೆ? ನಾಳೆಯಿಂದ ಓದೋಕೂ ಬರಲ್ಲ. ಇರೋ ಅಷ್ಟೂ ಹೋಗುತ್ತೆ."

"ಫೈಲು ಮೇಷ್ಟ್ರ ಹತ್ರ ಇದ್ರೆ ಅವರು ಓದೋದು ಯಾರ ಎದುರಿಗೆ? ಆಗ್ಲೇ ಹೋಯ್ತಲ್ಲೇ!"

ಈಗ ಡಾಕ್ಟರು ಒಳಗೆ ಬಂದು ಅದೇ ಹಳೆಯ ಕುರ್ಚಿಯ ಬೆನ್ನು ಹಿಡಿದು ನಿಂತರು. ಕೂರಲಿಲ್ಲ.

"ಮೇಷ್ಟ್ರು ಕೊನೇ ಪುಟ ತೆಗೀರಿ ಅಂದ್ರು. ತೆಗೆದೆ."

"ತೆಗೀಲೇಬೇಕಿತ್ತು. ಇಲ್ಲಾಂದ್ರೆ ಓದದೆ ವಾಪಸ್ ಕಳಿಸ್ತಿದ್ರು."

"ಗೊತ್ತು. ಬೇಜಾರು ಅದಕ್ಕಲ್ಲ." ಅವರ ದನಿ ಇಳಿಯಿತು. "ಇಡೀ ಫೈಲಲ್ಲಿ ಒಂದು ಪೆನ್ಸಿಲ್ ಗೀಟಿಲ್ಲ. ಒಂದೇ ಒಂದು 'ಮೊಟಕುಗೊಳಿಸಿ' ಇಲ್ಲ. ಓದದೆ ಸಹಿ ಹಾಕಿ ಆಚೆ ತಳ್ಳಿದ್ರಿ. ನಾನು ಬಂದು ಬಂದು ನಿಮಗೆ ಸಾಕಾಗಿರಬೇಕು. ಹಾಗಂತ ಮುಖಕ್ಕೇ ಹೇಳಿಬಿಡಬಹುದಿತ್ತು."

ಓದದೆ ಸಹಿ! ಯಾರೇ ಆಗಲಿ, ಅವಳಿಗೆ ಆ ಮಾತು ಅನ್ನಬಾರದಿತ್ತು. ಅವಳು ಥಟ್ಟನೆ ತಲೆ ಎತ್ತಿದಳು.

"ಓದದೇನಾ? ನಿಮ್ಮ ಕೊನೇ ಪುಟ ಕೇಳಿ. 'ಪಾರ್ಶ್ವವಾಯು ಹೊಡೆದ ಅಜ್ಜಿ ನೀರಿನ ಲೋಟ ತೋರಿಸಿ ನನಗೆ ಕೈ ಮುಗಿದಳು. ಒದ್ದೆ ಹತ್ತಿ ತುಟಿಗೆ ಮುಟ್ಟಿಸುವುದರ ಹೊರತು ನನಗೇನೂ ಗೊತ್ತಿರಲಿಲ್ಲ. ಅವತ್ತೇ ನಾನು ಯಾವ ಡಾಕ್ಟರಾಗಬೇಕೆಂದು ಗೊತ್ತಾಯಿತು.' ಮುಂದಿಂದೂ ಹೇಳ್ಲಾ?"

ಡಾಕ್ಟರ ಕೈ ಕುರ್ಚಿಯ ಬೆನ್ನಿನಿಂದ ಜಾರಿತು.

"ಬಾಯಿಪಾಠ ಮಾಡಿದೀರಿ. ಮತ್ತೆ ಪುಟ ಜಾಸ್ತಿ ಇರೋದು ಕಾಣಲಿಲ್ವಾ?"

"ಕಾಣಲಿಲ್ಲ." ಶುರುವಾದ ಮಾತು ಇನ್ನು ನಿಲ್ಲುವಂತಿರಲಿಲ್ಲ. "ಮುಗೀಬಾರದು ಅಂತ ಓದ್ತಿದ್ದೆ. ಪುಟ ಎಣಿಸೋದು ಎಲ್ಲಿಂದ ಬರ್ಬೇಕು? ಊರವರ ತಪ್ಪೆಲ್ಲ ಕಾಣೋ ಕಣ್ಣಿಗೆ ನಿಮ್ಮದು ಕಾಣ್ತಿಲ್ಲ ಡಾಕ್ಟ್ರೇ. ನಿಮ್ಮ ಪೇಷಂಟುಗಳು ಆ ಹಣಕ್ಕೆ ಕಾಯ್ತಿದಾರೆ. ಇಂಥ ಕಣ್ಣಿಟ್ಕೊಂಡು ನಿಮ್ಮ ಫೈಲು ನೋಡೋದು ಅನ್ಯಾಯ. ಅದಕ್ಕೇ ದಾಟಿಸಿದೆ. ನಗೋದಾದ್ರೆ ನಕ್ಕು ಹೋಗಿ."

ಡಾಕ್ಟರು ನಗಲಿಲ್ಲ. ಮೆಲ್ಲಗೆ ಕುರ್ಚಿ ಎಳೆದು ಕೂತರು.

"ಆ ಪುಟ ಹಣ ಕೊಡೋರಿಗೆ ಬರೆದದ್ದಲ್ಲ," ಅಂದರು.

"ಮತ್ತೆ?"

"ಪುಟದ ಮಿತಿ ನಂಗೂ ಗೊತ್ತಿತ್ತಲ್ಲ. ನೀವು ಒಂದ್ಸಲ ಕೇಳಿದ್ರಿ, ಈ ಕೆಲಸಕ್ಕೆ ಯಾಕೆ ಬಂದ್ರಿ ಅಂತ. ಆವತ್ತು ವಾರ್ಡಿನ ನೆಪ ಹೇಳಿ ಎದ್ದು ಹೋದೆ. ಬರೆದ್ರೆ ನೀವು ಹೊಡೆದು ಹಾಕ್ತೀರಿ ಅಂತ ಖಾತ್ರಿ ಇತ್ತು. ಆದ್ರೆ ಹೊಡೆಯೋಕೆ ಮುಂಚೆ ಓದ್ತೀರಲ್ಲ. ಅಷ್ಟು ಸಾಕು ಅನ್ನಿಸ್ತು."

ಹೊರಗೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದರು. ಚಕ್ರದ ಕಿರುಗುಟ್ಟುವ ಸದ್ದು ಕಾರಿಡಾರಿನ ತುದಿಯಲ್ಲಿ ಕರಗಿತು.

"ಊರಿಗೆಲ್ಲ ನುಂಗೋದು ಕಲಿಸೋರು," ಅವಳ ತುಟಿಯಂಚಿನಲ್ಲಿ ನಗು ಮೂಡಿತು, "ಇಷ್ಟು ದಿನ ಮಾತನ್ನೂ ನುಂಗ್ಕೊಂಡು ಕೂತಿದ್ರಾ?"

"ನಿಮ್ಮ ಪೆನ್ಸಿಲ್ ಭಯ."

"ಗುಂಡಿ ನೋಡ್ಕೊಳ್ಳಿ ಮೊದಲು."

ಅವರು ಬಗ್ಗಿ ನೋಡಿ, ಬಿಚ್ಚಿ, ಮತ್ತೆ ತಪ್ಪು ಕಾಜಕ್ಕೇ ಹಾಕಿದರು. ಬೇಕೆಂದೇ ಹಾಕಿದರೋ ಏನೋ. ಅವಳು ಟೇಬಲಿನ ಮೇಲೆ ಬಾಗಿ, ಅದನ್ನು ಬಿಚ್ಚಿ, ಸರಿಯಾದ ಕಾಜಕ್ಕೆ ಹಾಕಿದಳು. ಎರಡು ಬೆರಳಿನ ಕೆಲಸ. ಬೆರಳುಗಳು ಮಾತ್ರ ಕೆಲಸ ಮುಗಿದ ಮೇಲೂ ಒಂದು ಕ್ಷಣ ಅಲ್ಲೇ ಇದ್ದವು.

ಬೀರುವಿನ ಆಚೆಯಿಂದ ಮೇಷ್ಟ್ರ ಕೆಮ್ಮು ಕೇಳಿತು.

"ಡಾಕ್ಟರ ಪ್ರಸ್ತಾವನೆ ಕಳಿಸಿ ಆಯ್ತಮ್ಮಾ. ಅಚ್ಚುಕಟ್ಟಾಗಿದೆ. ಫೈಲು ದಾಟಿಸಿದ್ದಕ್ಕೆ ಕಾರಣ ಮಾತ್ರ ಖಾಲಿ ಇದೆ. ಏನು ಬರೀಲಿ?"

ಅವಳ ಮುಖ ಕೆಂಪಾಯಿತು. "ಹತ್ತಿರದವರು ಅಂತ ಬರೀರಿ ಮೇಷ್ಟ್ರೇ."

"ಯಾವ ಕಡೆಯಿಂದ ಹತ್ತಿರ?"

"ಎರಡೂ ಕಡೆಯಿಂದ," ಅಂದರು ಡಾಕ್ಟರು.

ಸಂಜೆ ಕ್ಯಾಂಟೀನಿನ ಕಿಟಕಿ ಪಕ್ಕದ ಟೇಬಲಿನಲ್ಲಿ ಎರಡು ಕಪ್ ಚಹಾ ಆರುತ್ತಾ ಕೂತಿತ್ತು. ಡಾಕ್ಟರು ಅಜ್ಜಿಯ ಕಥೆ ಶುರುಮಾಡಿದವರು ಅಭ್ಯಾಸಬಲದಿಂದ ಅವಳ ಕೈ ಕಡೆ ನೋಡಿದರು. ಪೆನ್ಸಿಲ್ ಇರಲಿಲ್ಲ. ಅವಳು ಅದನ್ನು ಆಫೀಸಿನಲ್ಲೇ ಬಿಟ್ಟು ಬಂದಿದ್ದಳು.

"ಚಿಕ್ಕದಾಗಿ ಹೇಳಿಬಿಡ್ತೀನಿ," ಅಂದರು.

ಅವಳು ಗಲ್ಲಕ್ಕೆ ಕೈ ಕೊಟ್ಟು ಕೂತಳು.

"ಬೇಡ. ನಿಧಾನಕ್ಕೆ ಹೇಳಿ. ಮೊಟಕು ಮಾಡ್ಬೇಡಿ."