ಸಮ ತಾರೀಕಿನ ಸ್ಕೂಟರ್

ಅವನು ಮೊದಲ ಸಲ ನಮ್ಮ ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಿದಾಗ ನಾನು ತೆಲುಗಿನಲ್ಲಿ ಚೆನ್ನಾಗಿ ಬೈದೆ. ಬಾಗಿಲಿಗೇ ಅಡ್ಡ ನಿಲ್ಲಿಸಿದ್ದ. ಅವನು ಗಾಡಿ ಸರಿಸುತ್ತಾ ತನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿದ.

"ಸೀರೆ ಅಂಗಡಿಯೋ, ಪೊಲೀಸ್ ಸ್ಟೇಷನ್ನೋ."

"ಸೀರೆ ಅಂಗಡೀನೇ ಅಂಡಿ. ಇನ್ನೊಂಚೂರು ಆ ಕಡಿ ನಿಲ್ಲಿಸ್ರಿ," ಅಂದೆ, ತೆಲುಗಿನ ಅಂಡಿ ಬೆರೆಸಿದ ಕನ್ನಡದಲ್ಲೇ.

ಅವನ ಕಿವಿ ಕೆಂಪಾಯಿತು. ಮೊದಲು ಕಿವಿ, ಆಮೇಲೆ ಕೆನ್ನೆ, ಕೊನೆಗೆ ಕುತ್ತಿಗೆ. ಒಬ್ಬ ಗಂಡಸು ಇಷ್ಟು ಕ್ರಮವಾಗಿ ನಾಚುವುದನ್ನು ನಾನು ನೋಡಿರಲಿಲ್ಲ. ಇನ್ನೂ ನೋಡಬೇಕು ಅನ್ನಿಸಿತು.

ಅವನ ಹೆಸರು ಅಶ್ವತ್ಥ. ಹಾಸನದವನು, ವಿಜಯವಾಡದ ನಮ್ಮ ಬೀದಿಯ ಬ್ಯಾಂಕಿಗೆ ವರ್ಗವಾಗಿ ಬಂದ ಆಫೀಸರ್. ನಾನು ಭ್ರಮರಾಂಬ. ಬ್ಯಾಂಕಿನ ಎದುರಿಗೇ ನನ್ನಪ್ಪ ಈಶ್ವರಯ್ಯನವರ ಮಂಗಳಗಿರಿ ಸೀರೆ ಅಂಗಡಿ. ಅಮ್ಮ ಬಳ್ಳಾರಿಯವಳು. ನನ್ನ ಕನ್ನಡ ಅವಳ ಅಡುಗೆಮನೆ ದಾಟಿ ಹೊರಗೆ ಬಂದದ್ದು ಅವತ್ತೇ.

ನಮ್ಮ ಬೀದಿಗೊಂದು ಕಾನೂನಿತ್ತು. ಬೆಸ ತಾರೀಕಿನಂದು ಗಾಡಿಗಳನ್ನು ಬ್ಯಾಂಕಿನ ಕಡೆ ನಿಲ್ಲಿಸಬೇಕು, ಸಮ ತಾರೀಕಿನಂದು ನಮ್ಮ ಕಡೆ. ತಪ್ಪಿದರೆ ಟ್ರಾಫಿಕ್ ಪೊಲೀಸರ ಲಾರಿ ಬಂದು ಗಾಡಿ ಎತ್ತಿಕೊಂಡು ಹೋಗುತ್ತಿತ್ತು. ಹಾಗಾಗಿ ಅಶ್ವತ್ಥ ನನಗೆ ಸಿಗುತ್ತಿದ್ದದ್ದು ದಿನ ಬಿಟ್ಟು ದಿನ. ಬೆಳಿಗ್ಗೆ ಸ್ಕೂಟರ್ ನಿಲ್ಲಿಸುವಾಗ ಹತ್ತು ನಿಮಿಷ, ಸಂಜೆ ತೆಗೆಯುವಾಗ ಅರ್ಧ ಗಂಟೆ.

"ಗಾಡಿ ಸ್ವಲ್ಪ ನೋಡ್ಕೊಳ್ತೀರಾ?" ಅಂತ ಕೇಳುತ್ತಿದ್ದ.

"ಓಡಿ ಹೋಗ್ತದೇನ್ರಿ?"

"ಗಾಡಿ ಓಡಲ್ಲ. ಅದರ ಯಜಮಾನನಿಗೇ ಆಫೀಸಿಗೆ ಹೋಗೋಕೆ ಕಾಲು ಬರಲ್ಲ."

ಇಂಥ ಮಾತಾಡಿ ತಾನೇ ನಾಚಿಕೊಳ್ಳುತ್ತಿದ್ದ. ನಾನು ಸೀರೆ ಮಡಿಸುವ ನೆಪದಲ್ಲಿ ತಲೆ ತಗ್ಗಿಸಿ, ಅವನ ಕಿವಿಯನ್ನು ಮಾತ್ರ ನೋಡುತ್ತಿದ್ದೆ. ತಿಂಗಳಲ್ಲಿ ಮೂವತ್ತೊಂದು ದಿನ ಬಂದರೆ ನನಗೆ ಸಿಟ್ಟು. ಮೂವತ್ತೊಂದೂ ಬೆಸ, ಒಂದೂ ಬೆಸ, ಎರಡು ದಿನ ಸ್ಕೂಟರ್ ಆ ಕಡೆಯೇ.

ಎಂಬತ್ತಾರರ ಜುಲೈ ಮೂವತ್ತರ ಸಂಜೆ ಅವನು ಸ್ಕೂಟರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತ. ಕೀಲಿ ಎರಡು ಸಲ ಕೆಳಗೆ ಬಿತ್ತು.

"ನಿಮ್ಮ ಅಪ್ಪನ ಹತ್ರ ಮಾತಾಡ್ಲಾ?"

"ಸೀರೆ ವಿಷಯಾನಾ?"

"ನಿಮ್ಮ ವಿಷಯ. ನಿಮಗೆ ಒಪ್ಪಿಗೆ ಇದ್ರೆ."

ಒಪ್ಪಿಗೆ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವನ ಮುಖ ಎಷ್ಟು ಚೆನ್ನಾಗಿ ಒದ್ದಾಡುತ್ತಿತ್ತೆಂದರೆ, ಇನ್ನೂ ಸ್ವಲ್ಪ ಒದ್ದಾಡಲಿ ಅನ್ನಿಸಿತು. "ನಾಳೆ ಮೂವತ್ತೊಂದು, ನಾಡಿದ್ದು ಒಂದು. ಎರಡನೇ ತಾರೀಕು ಹೇಳ್ತೀನ್ರಿ," ಅಂದೆ.

ಎರಡನೇ ತಾರೀಕು ಬಂದ. ನಾನು ಹೇಳಲಿಲ್ಲ. ನಾಲ್ಕಕ್ಕೆ ಬಂದ, ಆರಕ್ಕೆ ಬಂದ. ಪ್ರತಿ ಸಲವೂ ಕಣ್ಣಲ್ಲೇ ಕೇಳುತ್ತಿದ್ದ. ನಾನು ಕಣ್ಣಲ್ಲೇ ಮುಂದೂಡುತ್ತಿದ್ದೆ. ಸುಖವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆರನೇ ತಾರೀಕು ಒಂದು ಮಾತು ಕೇಳಿದೆ. "ಬೆಸ ತಾರೀಕು ನೀವು ಈ ಕಡಿ ಯಾಕ ಬರಂಗಿಲ್ಲ? ಹನ್ನೆರಡು ಹೆಜ್ಜಿ ಐತಿ, ಅಷ್ಟೆ."

"ಬೀದಿಯವರು ನೋಡ್ತಾರಲ್ಲ. ಸಮ ತಾರೀಕಾದ್ರೆ ಸ್ಕೂಟರ್ ಅನ್ನೋ ನೆಪ ಇರುತ್ತೆ."

ಅವನು ನನ್ನ ಮಾನ ಕಾಯಲು ಆ ಮಾತು ಹೇಳಿದ್ದು. ಅದು ಈಗ ಗೊತ್ತಾಗುತ್ತದೆ. ಅವತ್ತು ಮಾತ್ರ ಮೈಯೆಲ್ಲ ಉರಿಯಿತು. ನನ್ನನ್ನು ನೋಡಲು ಇವನಿಗೆ ಒಂದು ಸ್ಕೂಟರ್ ಬೇಕಾ?

ಗಾಡಿಗಳ ಕಾಟಕ್ಕೆ ಗಿರಾಕಿಗಳು ಒಳಗೆ ಬರುವುದಿಲ್ಲವೆಂದು ಅಪ್ಪ ಬಹಳ ದಿನದಿಂದ ಗೊಣಗುತ್ತಿದ್ದರು. ಆ ರಾತ್ರಿ ನಾನೇ ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ನಮ್ಮ ಅಂಗಡಿ ಮುಂದೆ ಯಾವ ತಾರೀಕಿನಲ್ಲೂ ವಾಹನ ನಿಲ್ಲಿಸಬಾರದು, ದಯವಿಟ್ಟು ಬೋರ್ಡು ಹಾಕಿಸಿ ಅಂತ. ಅಪ್ಪ ಖುಷಿಯಾಗಿ ರುಜು ಹಾಕಿ ಟ್ರಾಫಿಕ್ ಆಫೀಸಿಗೆ ಕೊಟ್ಟು ಬಂದರು. ನೆಪ ಹೋಗಲಿ, ಆಗಲೂ ಬಂದರೆ ಆ ಕ್ಷಣವೇ ಹೌದು ಅನ್ನುತ್ತೇನೆ. ಇದು ನನ್ನ ಲೆಕ್ಕಾಚಾರ.

ಹದಿನೈದು ದಿನಕ್ಕೆ ಕಾನ್‌ಸ್ಟೇಬಲ್ ಕಾಮೇಶ್ವರ ನಿಂತು ಕಂಬ ನೆಡಿಸಿದ. ಕೆಂಪು ಅಕ್ಷರದಲ್ಲಿ ನೋ ಪಾರ್ಕಿಂಗ್.

ಮರುದಿನ ಸಮ ತಾರೀಕು. ಹಸಿರು ಸೀರೆ ಉಟ್ಟು ಬಾಗಿಲಲ್ಲೇ ಕೂತೆ. ಅಶ್ವತ್ಥ ಸ್ಕೂಟರನ್ನು ಬ್ಯಾಂಕಿನ ಹಿಂದಿನ ಸಂದಿಯಲ್ಲಿ ನಿಲ್ಲಿಸಿ, ಈ ಕಡೆ ತಲೆಯೆತ್ತದೆ ಒಳಗೆ ಹೋದ. ಮುಂದಿನ ಸಮ ತಾರೀಕೂ ಹಾಗೆಯೇ. ಗಣೇಶನ ಹಬ್ಬ ಹೋಯಿತು, ದಸರಾ ಹೋಯಿತು. ನಾನು ಹನ್ನೆರಡು ಹೆಜ್ಜೆ ದಾಟಿ ಹೋಗಬಹುದಿತ್ತು. ಹೋಗಲಿಲ್ಲ. ಪರೀಕ್ಷೆ ಇಟ್ಟವಳು ನಾನು, ಬರೆಯಬೇಕಾದವನು ಅವನು, ಅಂತ ಹಟ ಹಿಡಿದು ಕೂತೆ. ಒಳಗೊಳಗೇ ಸಾಯುತ್ತಿದ್ದೆ.

ಅವನು ಬಂದದ್ದು ಅಕ್ಟೋಬರ್ ಮೂವತ್ತೊಂದಕ್ಕೆ. ಬೆಸ ತಾರೀಕು. ಒಂದು ದಿನವೂ ಕಾನೂನು ಮುರಿಯದವನು ಸೀದಾ ಬಂದು ಬೋರ್ಡಿನ ಕೆಳಗೇ ಸ್ಕೂಟರ್ ನಿಲ್ಲಿಸಿದ. ಅಪ್ಪ ಊಟಕ್ಕೆ ಹೋಗಿದ್ದರು. ನನ್ನ ಕೈಯಲ್ಲಿದ್ದ ಸೀರೆ ಜಾರಿ ಬಿತ್ತು. ಹೌದು ಅನ್ನುವುದಕ್ಕೆ ಬಾಯಿ ತೆರೆದೆ.

"ಒಂದು ಸೀರೆ ಬೇಕಿತ್ತು," ಅಂದ. "ನಿಶ್ಚಿತಾರ್ಥಕ್ಕೆ."

"ಯಾರದು?"

"ನಂದು. ಹುಡುಗಿ ಹಾಸನದವಳು. ಮನೇಲಿ ಮಾತು ಕೊಟ್ಟಾಗಿದೆ. ನನಗೆ ವಿಶಾಖಪಟ್ಟಣಕ್ಕೆ ಟ್ರಾನ್ಸ್‌ಫರ್ ಆಯ್ತು, ನಾನೇ ಕೇಳಿ ತಗೊಂಡೆ. ಸಂಜೆ ಟ್ರೈನು. ಸ್ಕೂಟರನ್ನೂ ಅದರಲ್ಲೇ ಹಾಕಿಸ್ಬೇಕು."

ನಾನು ಗಿರಾಕಿಗಳು ಕೂರುವ ಅಂಗಡಿಯ ಹಾಸಿಗೆಯ ಮೇಲೆ ಸೀರೆಗಳನ್ನು ಒಂದೊಂದಾಗಿ ಬಿಡಿಸಿ ಹಾಕಿದೆ. ಕೈಗೆ ಆ ಕೆಲಸ ರೂಢಿ, ತಲೆ ಬೇಕಾಗಿರಲಿಲ್ಲ. ಅವನು ಬಾಗಿಲಿಗೆ ಬೆನ್ನು ಹಾಕಿ ಕೂತ.

"ನೋ ಅಂತ ಬಾಯಲ್ಲೇ ಹೇಳಬಹುದಿತ್ತು ನೀವು," ಅಂದ, ಸೀರೆ ನೋಡುತ್ತಲೇ. "ಪೊಲೀಸರ ಕೈಲಿ ಹೇಳಿಸಿದ್ರಿ."

"ಏನು ಹೇಳಿಸಿದೆ?"

"ಬೋರ್ಡು ಹಾಕೋ ಮುಂಚೆ ಅಕ್ಕಪಕ್ಕದವರ, ಎದುರಿನವರ ಒಪ್ಪಿಗೆ ತಗೋತಾರೆ. ಕಾಮೇಶ್ವರ ಅರ್ಜಿ ಹಿಡ್ಕೊಂಡು ಬ್ಯಾಂಕಿಗೆ ಬಂದಿದ್ದ. ಮ್ಯಾನೇಜರ್ ರಜೆ. ನನ್ನ ಟೇಬಲ್ಲಿಗೇ ಬಂತು. ನಿಮ್ಮ ಅಕ್ಷರ ನನಗೆ ಗೊತ್ತಾಗಲ್ವಾ? ನೀವು ಬರೆಯೋ ಅಂಗಡಿ ಚಲನ್‌ಗಳನ್ನೆಲ್ಲ ನಾನೇ ನೋಡೋದು." ಒಂದು ಸೆರಗನ್ನು ಬೆರಳಲ್ಲಿ ಸವರಿದ. "ಆಕ್ಷೇಪಣೆ ಇಲ್ಲ ಅಂತ ಬರೆದು ಸೈನ್ ಹಾಕ್ದೆ."

ಎದುರಿನವರನ್ನು ಕೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಈ ಮನುಷ್ಯ ಬಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ನನ್ನ ಕಾಗದದ ಮೇಲೆ ಸೈನ್ ಹಾಕಿ ಇನ್ನೊಬ್ಬಳಿಗೆ ಮಾತು ಕೊಟ್ಟ.

"ನೀವಾದ್ರೆ ಇದರಲ್ಲಿ ಯಾವುದು ಉಡ್ತಿದ್ರಿ?" ಅಂತ ಕೇಳಿದ.

ಸತ್ತರೂ ಉಡದ ಒಂದು ಕಂದು ಸೀರೆ ತೋರಿಸಿದೆ. ನನ್ನ ಮಾತು ನಂಬಿ ಅದನ್ನೇ ಆರಿಸಿದ.

ಆಗಲೇ ಲಾರಿ ಬಂದದ್ದು. ಬೀದಿಯ ಗದ್ದಲದಲ್ಲಿ ಅವನಿಗೆ ಗೊತ್ತಾಗಲಿಲ್ಲ. ಕಾಮೇಶ್ವರ ಇಳಿದು ಸ್ಕೂಟರ್ ನೋಡಿದ, ಆಮೇಲೆ ನನ್ನನ್ನು ನೋಡಿದ. ನಿಮ್ಮ ಗಿರಾಕಿದಾ, ಅಂತ ಕೈಸನ್ನೆಯಲ್ಲೇ ಕೇಳಿದ. ನಾನು ಹೂಂ ಅಂದಿದ್ದರೆ ಬಿಟ್ಟು ಹೋಗುತ್ತಿದ್ದ. ತಲೆಯಾಡಿಸಿದೆ, ಅಲ್ಲ ಅಂತ. ಇಬ್ಬರು ಸೇರಿ ಸ್ಕೂಟರ್ ಎತ್ತಿ ಲಾರಿಗೆ ಹಾಕಿದರು. ಇನ್ನೂ ನಾಲ್ಕು ಸೀರೆ ಬಿಡಿಸಿ ತೋರಿಸಿದೆ, ನಿಧಾನವಾಗಿ, ಲಾರಿ ತಿರುವು ದಾಟುವ ತನಕ.

ಅವನು ಪೊಟ್ಟಣ ಹಿಡಿದು ಬಾಗಿಲಿಗೆ ಹೋಗಿ ನಿಂತ. ಖಾಲಿ ಜಾಗ ನೋಡಿದ. ಗಡಿಯಾರ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ನೀವು ನೋಡ್ತಾ ಇದ್ರಿ."

"ನೋಡ್ತಿದ್ದೆ."

"ಹೇಳಲಿಲ್ಲ."

"ನೀವು ಕೇಳಲಿಲ್ಲ."

"ಒಂದು ಸಲ ಕೇಳಿದ್ದೆ," ಅಂದ ಮೆಲ್ಲಗೆ.

ಆ ಮಾತನ್ನು ಅಲ್ಲಿಗೇ ಬಿಡಬಹುದಿತ್ತು. ಬಿಟ್ಟಿದ್ದರೆ ಅವನು ವಿಶಾಖಪಟ್ಟಣಕ್ಕೆ ಹೋಗಿ ನೆಮ್ಮದಿಯಾಗಿ ಸಂಸಾರ ಮಾಡುತ್ತಿದ್ದ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ಅದಕ್ಕ ಉತ್ತರ ಹೌದು ಅಂಡಿ," ಅಂದೆ. "ಮೊದಲ ದಿನಾನೇ ಹೌದು. ಬೋರ್ಡು ಹಾಕ್ಸಿದ್ದು ನೀವು ನೆಪ ಇಲ್ದೆ ಬರ್ತೀರೇನು ನೋಡಾಕ."

ಈ ಸಲ ಕಿವಿ ಕೆಂಪಾಗಲಿಲ್ಲ. ಮುಖದಲ್ಲಿದ್ದ ರಕ್ತವೂ ಇಳಿದು ಹೋಯಿತು. ಪೊಟ್ಟಣವನ್ನು ಗಲ್ಲಾದ ಮೇಲಿಟ್ಟು, ಲಾರಿ ಹೋದ ದಿಕ್ಕಿಗೆ ನಡೆದ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಅಪ್ಪ ಊಟ ಮುಗಿಸಿ ಬಂದಾಗ ನಾನು ಕಂದು ಸೀರೆಯನ್ನು ಮಡಿಸಿ ಅದರ ಜಾಗಕ್ಕೆ ಸೇರಿಸುತ್ತಿದ್ದೆ.

"ಬಾಗಿಲ ಮುಂದೆ ಎಷ್ಟು ಖಾಲಿ ಇದೆ ನೋಡು. ಒಳ್ಳೇ ಕೆಲಸ ಮಾಡ್ದೆ ಕಣಮ್ಮ," ಅಂದರು.

ಹೌದಪ್ಪ, ಅಂದೆ.