ಏಪ್ರನ್ ಜೇಬಿನ ರೋಟರ್

"ಸ್ಟಾರ್ಟರ್ ಗರಗರ ತಿರುಗ್ತಿದೆ. ಇಂಜಿನ್ ಮಾತ್ರ ಉಸಿರೇ ಎತ್ತಲ್ಲ ಅಂತಿದೆ," ಎನ್ನುತ್ತ ಆರಿನ್ ಟ್ರ್ಯಾಕ್ಟರಿನಿಂದ ಇಳಿದ.

"ಹೌದಾ? ನಿನ್ನೆ ಇನ್ನೇನು ಮುಗೀತು ಅಂದಿದ್ರಿ!" ಮಾರ್ಲಿಸ್ ಆಶ್ಚರ್ಯ ನಟಿಸಿದಳು. ನಟನೆ ಅವಳಿಗೆ ಒಲಿದ ವಿದ್ಯೆಯಲ್ಲ.

ಮಿನೆಸೋಟದ ಆ ಜೋಳದ ಸೀಮೆಯಲ್ಲಿ ಹಳೇ ಪೆಟ್ರೋಲ್ ಟ್ರ್ಯಾಕ್ಟರ್ ಮುನಿಸಿಕೊಂಡರೆ ಎಲ್ಲರೂ ಕರೆಯುವುದು ಆರಿನ್‌ನನ್ನೇ. ಐವತ್ತು ದಾಟಿದ ಬ್ರಹ್ಮಚಾರಿ. ಕೆಲಸವಿಲ್ಲದೆ ಯಾರ ಮನೆ ಮೆಟ್ಟಿಲನ್ನೂ ಹತ್ತಿದವನಲ್ಲ. ವಾರದ ಹಿಂದೆ ಇಲ್ಲಿಗೆ ಬಂದವನು ಮೊದಲು ಬ್ಯಾಟರಿಯ ತುಕ್ಕು ಹಿಡಿದ ತಂತಿ ಉಜ್ಜಿದ, ಆಮೇಲೆ ಹೊಸ ಕಾಯಿಲ್ ಕೂರಿಸಿದ. ಗಂಡ ತೀರಿಕೊಂಡ ಮೇಲೆ ಒಂಟಿಯಾಗಿದ್ದ ಮಾರ್ಲಿಸ್‌ಗೆ ಈ ವಾರವೆಲ್ಲ ಮನೆ ಮನೆಯಂತೆ ಕಂಡಿತ್ತು. ಟ್ರ್ಯಾಕ್ಟರ್ ಹೊರಟರೆ ಅವನೂ ಹೊರಟ ಹಾಗೆಯೇ. ಅದಕ್ಕೇ ನಿನ್ನೆ ಸಂಜೆ, ಪ್ಲಗ್‌ಗಳಿಗೆ ಕಿಡಿ ಹಂಚುವ ಪುಟ್ಟ ರೋಟರನ್ನು ಕಿತ್ತು ಏಪ್ರನ್ ಜೇಬಿಗೆ ಸೇರಿಸಿದ್ದಳು.

"ಕಾಫಿ ಕೊಡ್ಲಾ?"

"ಅಯ್ಯೋ, ಬೇಡ."

"ಒಂದು ಲೋಟ?"

"ನಿಮಗ್ಯಾಕೆ ತೊಂದ್ರೆ?"

"ಮಾಡಿ ಆಗಿದೆ ಮಾರಾಯ್ರೇ!"

"ಹಂಗಾದ್ರೆ ಅರ್ಧ ಲೋಟ."

ಅಲ್ಲಿಯವರ ಮರ್ಯಾದೆಯೇ ಹಾಗೆ. ಮೂರನೇ ಸಲ ಕೇಳುವ ತನಕ ಯಾರೂ ಹೂಂ ಅನ್ನುವುದಿಲ್ಲ.

ಕಾಫಿ ಕುಡಿದು ಅವನು ರೋಟರ್ ಕೂರುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದ. ತುಂಬ ಹೊತ್ತು ಒಳಗೇ ನೋಡಿದ.

"ಈ ಕಡೆ ಕಳ್ಳರ ಕಾಟ ಇದೆಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾರ್ಲಿಸ್‌ಳ ಕೈ ತಾನಾಗಿಯೇ ಜೇಬಿಗೆ ಹೋಯಿತು. ಆರಿನ್ ಅದನ್ನು ಕಂಡ. ಅವನ ಕಿವಿ ಕೆಂಪಾಯಿತು. ಮುಚ್ಚಳ ಮುಚ್ಚಿದ.

"ಇವತ್ತು ಆಗೋ ಕೆಲ್ಸ ಅಲ್ಲ. ನಾಳೆ ಬರ್ತೀನಿ."

ಮಾರ್ಲಿಸ್ ಅವನ ತೆರೆದ ಪೆಟ್ಟಿಗೆಯತ್ತ ನೋಡಿದಳು. ಸ್ಪ್ಯಾನರುಗಳ ಪಕ್ಕದಲ್ಲೇ ಹೊಸ ರೋಟರೊಂದು ಕೂತಿತ್ತು.

"ಅದು ಇದಕ್ಕೆ ಹೊಂದಲ್ವಾ?"

"ಹೊಂದುತ್ತೆ."

"ಮತ್ತೆ ಹಾಕೋಕೇನು ದಾಡಿ?"

ಆರಿನ್ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ಹಾಕಿದ್ರೆ ಸ್ಟಾರ್ಟ್ ಆಗಿಬಿಡುತ್ತಲ್ಲ, ಮಾರ್ಲಿಸ್."

ಅವಳನ್ನು ಅವನು ಹಿಂದೆಂದೂ ಹೀಗೆ ಹೆಸರು ಹಿಡಿದು ಕರೆದಿರಲಿಲ್ಲ. ಸಂತೋಷಕ್ಕೆ ಅವಳ ಕಣ್ಣು ಮಂಜಾಯಿತು. ಜೇಬಿನ ರೋಟರನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. ಬೆರಳನ್ನು ತಕ್ಷಣ ಹಿಂದಕ್ಕೆಳೆದುಕೊಳ್ಳಲಿಲ್ಲ.

"ಇದನ್ನೇ ಹಾಕಿ. ನೀವು ಬರೋಕೆ ಟ್ರ್ಯಾಕ್ಟರ್ ಕೆಡಲೇಬೇಕು ಅಂತೇನಿಲ್ಲ."

ಒಂದೇ ಒತ್ತಿಗೆ ಇಂಜಿನ್ ಗುಡುಗಿತು. ಆರಿನ್ ಅದನ್ನು ನಿಲ್ಲಿಸಿ ಪೆಟ್ಟಿಗೆಯನ್ನು ಎತ್ತಿಕೊಂಡ. ಇನ್ನು ಅಲ್ಲಿ ಅವನಿಗೆ ಕೆಲಸವಿರಲಿಲ್ಲ.

"ರಾತ್ರಿ ಊಟಕ್ಕೆ ಇಲ್ಲೇ ಇರ್ತೀರಾ?" ಎಂದು ಕೇಳಿದ ಮಾರ್ಲಿಸ್, ಎರಡನೇ ಸಲ ಕೇಳಲು ಆಗಲೇ ಬಾಯಿ ತೆರೆದಿದ್ದಳು.

"ಹೂಂ, ಇರ್ತೀನಿ," ಎಂದುಬಿಟ್ಟ ಆರಿನ್, ಪೆಟ್ಟಿಗೆಯನ್ನು ಕೆಳಗಿಡುತ್ತ.