ಕೊನೆಯ ಎರಡು ಅಂಕ

ಗೆದ್ದವನು ಐಸ್ ತೊಟ್ಟಿಗೆ ಕಾಲಿಡಲು ಹೋಗಿ ಹೆಣ ತುಳಿದ.

ಕಾಂಗ್ ರುಯ್ ತೈವಾನ್ ಬ್ಯಾಸ್ಕೆಟ್‌ಬಾಲ್ ತಂಡದ ತಾರೆ. ಜೋರ್ಡಾನ್ ವಿರುದ್ಧ ಕೊನೆಯ ಕ್ಷಣದಲ್ಲಿ ಅವನು ಎಸೆದ ಚೆಂಡು ರಿಂಗಿಗೆ ಬಡಿದು ಪುಟಿದು, ಹತ್ತಾರು ಕೈಗಳ ನಡುವಿನಿಂದ ಬುಟ್ಟಿಗೆ ಬಿದ್ದಿತ್ತು. ಒಂದೇ ಅಂಕದ ಗೆಲುವು. ಮೈಕು ಅವನ ಹೆಸರು ಕೂಗಿತು. ತೈಚುಂಗ್‌ನ ಕ್ರೀಡಾಂಗಣ ತುಂಬಾ ಜನ ಅದನ್ನೇ ಕೂಗಿದರು. ಹೆಗಲ ಮೇಲೆ ಮೆರೆದು ಮುಗಿಸಿ, ನೆಲಮಾಳಿಗೆಯ ಚಿಕಿತ್ಸಾ ಕೋಣೆಗೆ ಇಳಿದು, ದೀಪ ಹಾಕದೆಯೇ ತೊಟ್ಟಿಗೆ ಕಾಲು ಬಿಟ್ಟ. ಮೆತ್ತಗೇನೋ ಸಿಕ್ಕಿತು. ತಂಡದ ವೈದ್ಯ ಔಯಾಂಗ್ ಐಸಿನ ತುಂಡುಗಳ ನಡುವೆ ಬೋರಲಾಗಿ ಮುಳುಗಿದ್ದರು.

ಇನ್ಸ್‌ಪೆಕ್ಟರ್ ಚಿಯೆನ್ ಬಂದಾಗ ಸಾರ್ಜೆಂಟ್ ಪಾನ್ ಬಾಗಿಲಲ್ಲೇ ಇದ್ದ. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಮಾತೇ ಹೊರಡುತ್ತಿರಲಿಲ್ಲ.

"ಗಂಟಲಿಗೇನಾಯ್ತು?"

"ಕಾಂಗ್ ರುಯ್, ಕಾಂಗ್ ರುಯ್ ಅಂತ ಕೂಗಿ ಕೂಗಿ ಕೂತೋಯ್ತು ಮೇಡಂ."

"ನೀವು ಡ್ಯೂಟಿ ಮೇಲಿದ್ರಿ."

"ಅದಕ್ಕೇ ನಿಂತ್ಕೊಂಡು ಕೂಗಿದೆ."

ಹೆಣದ ಕತ್ತಿನ ಹಿಂದೆ ಎರಡು ಹೆಬ್ಬೆರಳಿನ ಗುರುತು. ಯಾರೋ ಹಿಡಿದು ಅದುಮಿದ್ದರು, ಒದ್ದಾಟ ನಿಲ್ಲುವವರೆಗೂ ಬಿಟ್ಟಿರಲಿಲ್ಲ. ಆಟದ ನಾಲ್ಕನೆಯ ಹಾಗೂ ಕೊನೆಯ ಕ್ವಾರ್ಟರ್ ಶುರುವಾದಾಗ ವೈದ್ಯರು ಬ್ಯಾಂಡೇಜ್ ತರಲು ಕೆಳಗಿಳಿದದ್ದನ್ನು ಎಲ್ಲರೂ ನೋಡಿದ್ದರು. ಮೇಲೆ ಬಂದದ್ದನ್ನು ಯಾರೂ ನೋಡಲಿಲ್ಲ.

*

ಮೊದಲು ಸಿಕ್ಕಿಬಿದ್ದವನು ಮಾಲೀಶು ಮಾಡುವ ಲೈ. ಅಂದು ಮಧ್ಯಾಹ್ನ ಆಟಗಾರರೆಲ್ಲರ ಎದುರು ಔಯಾಂಗ್ ಅವನ ಕೆನ್ನೆಗೆ ಬಾರಿಸಿದ್ದರು. ಕೊನೆಯ ಕ್ವಾರ್ಟರಿನಲ್ಲಿ ಅವನು ನಾಪತ್ತೆ. ತೋಳಿನ ಮೇಲೆ ಕೆಂಪು ಕಲೆ ಬೇರೆ.

"ರಕ್ತ," ಎಂದು ಪಾನ್ ಹಿಗ್ಗಿದ.

ಚಿಯೆನ್ ಮೂಸಿ ನೋಡಿದಳು. "ಅಡಿಕೆ ಉಗುಳು. ಎಲ್ಲಿಗೆ ಹೋಗಿದ್ರಿ ಲೈ?"

"ಹಿಂದುಗಡೆ ಅಡಿಕೆ ಅಂಗಡಿಗೆ ಮೇಡಂ. ಆ ಹುಡುಗೀನ ಕೇಳಿ, ಪಂದ್ಯ ಮುಗಿಯೋವರ್ಗೂ ಅಲ್ಲೇ ಅಗೀತಾ ನಿಂತಿದ್ದೆ. ಹಿಂಬಾಗಿಲು ಹಾಕೋದು ಮರೆತುಬಿಟ್ಟೆ, ತಪ್ಪಾಯ್ತು."

ಅಂಗಡಿಯ ಹುಡುಗಿ ಹೌದೆಂದಳು.

"ಡಾಕ್ಟರ್ ಮೇಲೆ ಯಾರಿಗೆ ದ್ವೇಷ ಇತ್ತು?"

"ಯಾರಿಗಿರಲಿಲ್ಲ ಅಂತ ಕೇಳಿ. ತು ಚುನ್‌ಫು ಗೊತ್ತಲ್ಲ? ಎಂಥಾ ಆಟಗಾರ. ಮಂಡಿ ಹರಿದಿದ್ರೂ ನೋವು ಗೊತ್ತಾಗದ ಹಾಗೆ ಸೂಜಿ ಚುಚ್ಚಿ ಚುಚ್ಚಿ ಆಡಿಸಿದ್ರು ಈ ಡಾಕ್ಟರು. ಈಗ ಲುಕಾಂಗ್‌ನಲ್ಲಿ ಕುಂಟ್ಕೊಂಡು ಟೀ ಮಾರ್ತಾನೆ. ಅವನ ತಮ್ಮ ಹಾವ್‌ಯು ಇದೇ ಟೀಮಲ್ಲಿದಾನೆ. ಬೆಂಚು ಬಿಸಿ ಮಾಡೋಕೆ."

*

ಹಾವ್‌ಯು ಅಂಕಿಅಂಶದ ಮೇಜಿನ ಬಳಿ ಸಿಕ್ಕಿದ. ಪ್ರೇಕ್ಷಕರೆಲ್ಲ ಹೊರಟುಹೋಗಿದ್ದರು. ಪಂದ್ಯದ ಲೆಕ್ಕ ಇಡುವ ಫಾಂಗ್ ಎದುರು ಅವನು ಕೈಕಟ್ಟಿ ನಿಂತಿದ್ದ. ಆಡಿದ್ದು ನಾಲ್ಕೇ ನಿಮಿಷ. ಪರದೆಯ ಮೇಲೆ ಅವನ ಹೆಸರಿನ ಮುಂದೆ ಸೊನ್ನೆಗಳದೇ ಸಾಲು.

"ಕೊನೇ ಬಾಲು ನನ್ನ ಬೆರಳಿಗೆ ತಾಗಿ ಒಳಗೆ ಹೋಯ್ತು ಸರ್. ದಯವಿಟ್ಟು ಇನ್ನೊಂದ್ಸಲ ನೋಡಿ."

ಪಾನ್ ನಕ್ಕ. "ಕೆಳಗೆ ಹೆಣ ಬಿದ್ದಿದೆ. ಎರಡು ಅಂಕಕ್ಕೆ ಪ್ರಾಣ ತಿಂತಿದೀಯಲ್ಲೋ."

"ಪ್ರತಿ ಪಂದ್ಯ ಆದ್ಮೇಲೂ ಅಣ್ಣ ಫೋನಲ್ಲಿ ನನ್ನ ಸಾಲು ನೋಡ್ತಾನೆ ಸರ್. ಬೇರೆ ಸುದ್ದಿ ಓದೋದೇ ಇಲ್ಲ. ಬರೀ ಸೊನ್ನೆ ನೋಡಿ ನೋಡಿ ಸಾಕಾಗಿದೆ ಅವನಿಗೆ. ಇವತ್ತು ಟಿಕೆಟ್ ಕಳಿಸಿದ್ದೆ. ಒಂದ್ಸಲನಾದ್ರೂ ಕಾಣ್ಲಿ ಅಂತ."

ಫಾಂಗ್ ಬುಟ್ಟಿಯ ಕೆಳಗಿನ ಕ್ಯಾಮೆರಾದ ಚಿತ್ರವನ್ನು ನಿಧಾನಕ್ಕೆ ಓಡಿಸಿದ. ಪುಟಿದು ಹೊರಬೀಳುತ್ತಿದ್ದ ಚೆಂಡನ್ನು ಎರಡು ಬೆರಳು ಒಳಕ್ಕೆ ತಳ್ಳಿದ್ದು ಸ್ಪಷ್ಟವಾಗಿತ್ತು.

"ಇವನದೇ. ನಾವೆಲ್ಲ ಬೇಸ್ತುಬಿದ್ವಿ. ಈಗಲೇ ತಿದ್ದಿ ಹಾಕ್ತೀನಿ."

"ಹಾಗಾದ್ರೆ ನನ್ನ ಗಂಟಲು ದಂಡ," ಎಂದ ಪಾನ್.

ಹುಡುಗನ ಕಣ್ಣು ತುಂಬಿತ್ತು. ಪಾಪ ಎನಿಸಿತು ಚಿಯೆನ್‌ಗೆ.

*

ಮರುದಿನ ಬೆಳಿಗ್ಗೆ ಲುಕಾಂಗ್‌ನ ಟೀ ಅಂಗಡಿ. ಚುನ್‌ಫು ಕುಂಟುತ್ತಾ ಬಂದು ಚಿಯೆನ್, ಪಾನ್ ಇಬ್ಬರಿಗೂ ಟೀ ಸುರಿದ. ಅಗಲವಾದ ಕೈಗಳು.

"ಔಯಾಂಗ್ ಸತ್ತದ್ದಕ್ಕೆ ಅಳು ಬರಲಿಲ್ಲ. ಸುಳ್ಳು ಯಾಕೆ ಹೇಳ್ಲಿ."

"ಕೊನೇ ಕ್ವಾರ್ಟರಲ್ಲಿ ಎಲ್ಲಿದ್ರಿ?"

"ಸೀಟಲ್ಲೇ. ತಮ್ಮ ಆಡೋವಾಗ ಎದ್ದು ಹೋಗ್ತೀನಾ ಮೇಡಂ? ಗೆಲ್ಲಿಸಿದ್ದೇ ಅವನು. ಮೈಕಲ್ಲಿ ಅವನ ಹೆಸರು ಬಂತು. ಇಡೀ ಹಾಲ್ ಎದ್ದು ತು ಹಾವ್‌ಯು, ತು ಹಾವ್‌ಯು ಅಂತ ಕೂಗಿತು. ಪಕ್ಕದೋರು ನನ್ನ ಬೆನ್ನು ತಟ್ಟಿದ್ರು. ಅತ್ತುಬಿಟ್ಟೆ."

ಪಾನ್ ಎತ್ತಿದ ಟೀ ಲೋಟ ತುಟಿಯ ಹತ್ತಿರವೇ ನಿಂತಿತು.

ಚಿಯೆನ್ ಹೊರಗೆ ಹೋಗಿ ಎರಡು ಫೋನು ಮಾಡಿ ಬಂದಳು. ಅಷ್ಟರಲ್ಲಿ ಹಾವ್‌ಯು ಅಂಗಡಿಯೊಳಗೆ ನಿಂತಿದ್ದ. ಕೈಯಲ್ಲಿ ಕೇಕಿನ ಡಬ್ಬ. ಮುಖದಲ್ಲಿ ಮದುವೆಯ ಕಳೆ.

"ಅಣ್ಣ, ನೋಡಿದ್ಯಾ? ಎರಡು."

"ಬೆಳಿಗ್ಗೆ ಎದ್ದ ತಕ್ಷಣ ನೋಡಿದ್ರು," ಎಂದಳು ಚಿಯೆನ್. "ಅದೇ ಎಡವಟ್ಟಾಗಿದ್ದು. ಚುನ್‌ಫು, ನಿನ್ನೆ ಹಾಲ್‌ನಲ್ಲಿ ನಿಮ್ಮ ತಮ್ಮನ ಹೆಸರು ಒಬ್ಬರೂ ಕೂಗಲಿಲ್ಲ. ಮೈಕೂ ಕೂಗಲಿಲ್ಲ. ಎಲ್ಲರೂ ಕೂಗಿದ್ದು ಕಾಂಗ್ ರುಯ್ ಹೆಸರು. ಈ ಪಾನ್ ಗಂಟಲು ಕೇಳಿ. ಬುಟ್ಟಿ ನಿಮ್ಮ ತಮ್ಮಂದು ಅಂತ ತಿದ್ದಿದ್ದು ಹಾಲ್ ಖಾಲಿ ಆದ್ಮೇಲೆ. ಅಲ್ಲಿದ್ದೋರೆಲ್ಲ ತಪ್ಪು ಹೆಸರು ಹೇಳ್ತಾರೆ. ಸರಿಯಾದ ಹೆಸರು ಕೂಗಿದ್ದು ಕೇಳಿಸ್ಕೊಂಡೋರು ನೀವೊಬ್ರೇ. ನೆಲಮಾಳಿಗೇಲಿ ನಿಮಗೆ ಬರೀ ಗದ್ದಲ ಕೇಳಿಸಿತ್ತು. ಹೆಸರು ಬೆಳಿಗ್ಗೆ ಫೋನಲ್ಲಿ ಸಿಕ್ತು."

ಚುನ್‌ಫು ತುಂಬಿದ್ದ ಲೋಟಕ್ಕೇ ಮತ್ತೆ ಸುರಿಯಲು ಕೆಟಲ್ ಎತ್ತಿದ.

"ನಿಮ್ಮ ಪಕ್ಕದ ಸೀಟಿನ ಅಜ್ಜಿ ಹತ್ರ ಈಗ ಫೋನಲ್ಲಿ ಮಾತಾಡಿದೆ. ಕೊನೇ ಕ್ವಾರ್ಟರ್ ಪೂರ್ತಿ ನಿಮ್ಮ ಖಾಲಿ ಸೀಟಿನ ಮೇಲೆ ಊಟದ ಡಬ್ಬಿ ಇಟ್ಕೊಂಡಿದ್ರಂತೆ."

ಚುನ್‌ಫು ಕೆಟಲ್ ಕೆಳಗಿಟ್ಟ.

"ತಮ್ಮನ ಕಾಲು ಊದಿತ್ತು. ಆ ಡಾಕ್ಟರ್ ಅವನಿಗೂ ಸೂಜಿ ಹಾಕ್ತಾನೆ ಅಂತ ಭಯ. ಬೇಡ ಅಂತ ಕೈಮುಗಿಯೋಕೆ ಹೋಗಿದ್ದೆ ಮೇಡಂ, ಅಷ್ಟೇ. ಅವನು ನಕ್ಕ. ನಿನ್ನ ತಮ್ಮನಿಗೆ ಸೂಜಿ ದಂಡ ಮಾಡೋಕೆ ನನಗೇನು ಹುಚ್ಚಾ ಅಂದ. ಸೊನ್ನೆಗೆ ಸೂಜಿ ಯಾಕೆ ಅಂದ. ಹಾಗಂದು ತೊಟ್ಟಿ ಕಡೆ ಬಗ್ಗಿದ."

ಹಾವ್‌ಯು ಕೇಕಿನ ಡಬ್ಬ ಹಿಡಿದೇ ನಿಂತಿದ್ದ. ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಚಿಯೆನ್‌ಳ ತೋಳು ಹಿಡಿದ.

"ಆ ಬುಟ್ಟಿ ನಂದಲ್ಲ ಮೇಡಂ. ನಾನು ಸುಳ್ಳು ಹೇಳಿದ್ದೆ. ಫಾಂಗ್ ಅವರಿಗೆ ಹೇಳಿ ತೆಗೆಸ್ತೀನಿ. ಕಾಂಗ್ ರುಯ್‌ಗೇ ಇರ್ಲಿ."

"ಚಿತ್ರ ನಾನೂ ನೋಡಿದೀನಪ್ಪ."

ಪಾನ್ ಬೇಡಿ ಹಾಕುತ್ತಿದ್ದಾಗ ಅಣ್ಣ ತಮ್ಮನ ಕಡೆ ತಿರುಗಿದ.

"ನಿಜವಾಗ್ಲೂ ನೀನೇ ಹಾಕಿದ್ದಾ?"

"ಇಲ್ಲ ಅಣ್ಣ," ಎಂದ ಹಾವ್‌ಯು. "ನಾನಲ್ಲ."

ಹೊರಗೆ ಪಟಾಕಿ ಸಿಡಿಯಿತು. ಕೇರಿಯವರ ಫೋನುಗಳಿಗೂ ಸುದ್ದಿ ಮುಟ್ಟಿತ್ತು. ಅಂಗಡಿಯ ಮುಂದೆ ಮಕ್ಕಳು, ಮುದುಕರು, ಮೀನು ಮಾರುವವರು, ಎಲ್ಲರೂ ಸೇರಿ ತು ಹಾವ್‌ಯು, ತು ಹಾವ್‌ಯು ಎಂದು ಕೂಗುತ್ತಿದ್ದರು. ಚಿಯೆನ್ ಬಾಗಿಲು ತೆರೆದಳು. ಯಾರೋ ಚುನ್‌ಫುವಿನ ಬೆನ್ನು ತಟ್ಟಿದರು. ಆಮೇಲೆ ಅವನ ಕೈಗಳ ಮೇಲೆ ಕಣ್ಣು ಬಿತ್ತು, ಕೂಗು ಒಬ್ಬೊಬ್ಬರಲ್ಲೇ ನಿಂತುಹೋಯಿತು.